ದಂಡ ಯಾವುದಕ್ಕೆ?

ನಿವೃತ್ತನಾಗಿ ನಾಸಿಕದಲ್ಲಿದ್ದೇನೆ. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಶಾಖೆಯಲ್ಲಿ ಕಂಡ ಬೀದರ್ ಕಡೆಯ ಹುಡುಗ ಇನ್ನೂ ನೆನಪಾಗುತ್ತಾನೆ. ಶಿಕ್ಷಣ ಸಾಲ ತೆಗೆದು ಅಲ್ಲೇ ಇಂಜಿನಿಯರಿಂಗ್ ಓದಿದವನು. ನೌಕರಿ ತಡವಾಯಿತು, ಕಂತು ತಪ್ಪಿದವು. ದಂಡ ಬಡ್ಡಿ ಹಾಕಿದೆ. ಅದು ಬಾಕಿಗೆ ಸೇರಿ, ಅದರ ಮೇಲೂ ಬಡ್ಡಿ ಬೆಳೆಯಿತು.

"ನೌಕರಿ ಸಿಗಲಿಲ್ಲಂದ್ರ ನನ್ನ ತಪ್ಪೇನ್ರಿ ಸರ?" ಅಂದ.

"ನಿಯಮ ಹಂಗ ಅದ ತಮ್ಮಾ" ಅಂದೆ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು: ದಂಡವನ್ನು ಬಡ್ಡಿಯಾಗಿ ಹಾಕಬಾರದು, ದಂಡದ ಮೇಲೆ ಮತ್ತೆ ಬಡ್ಡಿ ಕೂಡದು. ಓದಿದಾಗ ಅವನ ಮುಖವೇ ಕಣ್ಣೆದುರು ಬಂತು.

ಬಡ್ಡಿ ಕೇಳುವುದು ಅನ್ಯಾಯವಲ್ಲ. ಅದು ಠೇವಣಿದಾರರ ದುಡ್ಡು. ಆದರೆ ಇದ್ದೂ ಕೊಡದವನೂ ಇಲ್ಲದೆ ಕೊಡಲಾಗದವನೂ ಒಂದೇನಾ? ಲೆಜರಿನಲ್ಲಿ ಅದಕ್ಕೆ ಕಲಮು ಇರಲಿಲ್ಲ. ಕೇಳಿ ತಿಳಿದುಕೊಳ್ಳಲು ನಾನಿದ್ದೆನಲ್ಲ!

ಅವನು ಪೂರ್ತಿ ತೀರಿಸಿಯೇ ಹೋದ.