ಅರಸೊತ್ತಿಗೆಯೂ ಶೂನ್ಯಸಿಂಹಾಸನವೂ

ಪ್ರಜೆಗಳೇ ಪ್ರಭುಗಳಾಗಿರುವ ಈ ಕಾಲದಲ್ಲಿ ಅರಸೊತ್ತಿಗೆಗೆ ಧರ್ಮದೃಷ್ಟಿಯಿಂದ ಏನಾದರೂ ಅರ್ಥವುಂಟೆ? ಉಂಟೆಂದು ನಂಬಿದ ದೇಶಗಳು ಇನ್ನೂ ಇವೆ. 2023ನೆಯ ಇಸವಿ ಮೇ 6ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೆಯ ಚಾರ್ಲ್ಸ್ ದೊರೆಗಳಿಗೆ ಪಟ್ಟಾಭಿಷೇಕವಾಯಿತು. ಕಿರೀಟಧಾರಣೆಯನ್ನು ಲೋಕವೆಲ್ಲ ಕಂಡಿತು. ಅದಕ್ಕೆ ಮುನ್ನ ನಡೆದ ತೈಲಾಭಿಷೇಕವು ಮಾತ್ರ ತೆರೆಯ ಮರೆಯಲ್ಲಿ ನಡೆಯಿತು. ದೊರೆಗಳು ರಾಜವಸ್ತ್ರಗಳನ್ನು ಕಳೆದಿಟ್ಟು ಬರಿಯ ಬಿಳಿಯ ಅಂಗಿಯಲ್ಲಿ ಕುಳಿತರು. ಜೆರುಸಲೇಮಿನಲ್ಲಿ ಮಂತ್ರಪೂತವಾದ ತೈಲವನ್ನು ಇಂಗ್ಲೆಂಡಿನ ಪ್ರಧಾನ ಧರ್ಮಗುರುಗಳು ಅವರ ಕೈ, ಎದೆ, ತಲೆಗಳಿಗೆ ಲೇಪಿಸಿದರು. ಕಿರೀಟವನ್ನು ಹೊರುವ ಮುನ್ನ ಅರಸನು ಬರಿಯ ಮನುಷ್ಯನಾಗಿ ದೇವರ ಮುಂದೆ ಕೂಡಬೇಕೆಂಬುದೇ ಆ ಸಂಸ್ಕಾರದ ಹುರುಳು.

ಅರಸನು ವಿಷ್ಣುವಿನ ಅಂಶವೆಂಬ ನಂಬುಗೆ ನಮ್ಮ ನಾಡಿಗೂ ಹೊಸದಲ್ಲ. ನೇಪಾಳದಲ್ಲಿ ಅದು ಮೊನ್ನೆಮೊನ್ನೆಯವರೆಗೂ ಬದುಕಿತ್ತು. 2008ರ ಮೇ 28ರಂದು ಅಲ್ಲಿಯ ಸಂವಿಧಾನಸಭೆಯು ಮತಗಳನ್ನೆಣಿಸಿ ಅರಸೊತ್ತಿಗೆಯನ್ನು ಕೊನೆಗಾಣಿಸಿತು. ಮತಗಳಿಂದ ಅಳಿಯುವುದು ದೇವಾಂಶವಾಗಿರಲಾರದು. ಆದುದರಿಂದ ಅರಸುತನದ ಪಾವಿತ್ರ್ಯವು ರಕ್ತದಲ್ಲಿಲ್ಲ. ಅಭಿಷೇಕಕಾಲದಲ್ಲಿ ಹೊತ್ತ ವ್ರತದಲ್ಲಿದೆ.

ನಮ್ಮ ಶರಣರು ಇದನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಡೆದು ತೋರಿಸಿದರು. ಪರಂಪರೆಯು ಹೇಳುವಂತೆ ಕಲ್ಯಾಣದಲ್ಲಿ ಎರಡು ಸಿಂಹಾಸನಗಳಿದ್ದುವು. ಒಂದು, ಬಿಜ್ಜಳನು ಚಾಲುಕ್ಯರಿಂದ ಕಸಿದುಕೊಂಡದ್ದು. ಇನ್ನೊಂದು, ಅನುಭವಮಂಟಪದ ಶೂನ್ಯಸಿಂಹಾಸನ. ಅದನ್ನೇರಿದ ಅಲ್ಲಮಪ್ರಭುದೇವರಿಗೆ ರಾಜವಂಶದ ಹಕ್ಕೂ ಇರಲಿಲ್ಲ, ಸೈನ್ಯವೂ ಇರಲಿಲ್ಲ. 'ನಾನು' ಎಂಬುದನ್ನು ನೀಗಿದ ನಿಲುವೇ ಅವರ ಅರ್ಹತೆ. ಬಸವಣ್ಣನವರು ಮೊದಲನೆಯದರ ಭಂಡಾರವನ್ನು ಪ್ರಾಮಾಣಿಕವಾಗಿ ಕಾಯ್ದರು, ತಲೆಬಾಗಿದ್ದು ಎರಡನೆಯದಕ್ಕೆ. ಮೋಳಿಗೆಯ ಮಾರಯ್ಯನವರಂತೂ ಕಾಶ್ಮೀರದ ಅರಸುತನವನ್ನೇ ತೊರೆದು ಬಂದು, ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿ ಜಂಗಮದಾಸೋಹ ನಡೆಸಿದರೆಂದು ಶರಣಚರಿತೆಯು ಹೇಳುತ್ತದೆ. ಕಿರೀಟ ಹೊತ್ತ ತಲೆಯು ಹೊರೆ ಹೊತ್ತಾಗ ಪರರಿಗಾಗಿ ಬಾಳುವ ವ್ರತವು ಅವರಲ್ಲಿ ಪೂರ್ಣವಾಯಿತು.

ಭಾರತದಲ್ಲಿ ಮಾಜಿ ರಾಜರ ಮನ್ನಣೆಯೂ ರಾಜಧನವೂ 1971ರ ಸಂವಿಧಾನ ತಿದ್ದುಪಡಿಯಿಂದ ರದ್ದಾದುವು. ಆದರೆ ಅರಸರನ್ನು ಬಯಸುವ ಮನಸ್ಸು ನಮ್ಮನ್ನು ಬಿಟ್ಟಿಲ್ಲ. ಅಧಿಕಾರಸ್ಥರ ಕಾಲಿಗೆರಗುತ್ತೇವೆ, ಸಭೆಗಳಲ್ಲಿ ಬೆಳ್ಳಿಯ ಕಿರೀಟ ತೊಡಿಸುತ್ತೇವೆ, ಅವರು ಹೊತ್ತ ವ್ರತವೇನೆಂದು ಮಾತ್ರ ಕೇಳುವುದಿಲ್ಲ. ಮಠದ ಅನ್ನವುಂಡ ನಾನು ಇನ್ನೊಂದು ಮಾತನ್ನೂ ವಿನಯದಿಂದ ಹೇಳಬೇಕು. ಸಿಂಹಾಸನ, ಪಟ್ಟಾಭಿಷೇಕ, ಪಲ್ಲಕ್ಕಿ, ಇವೆಲ್ಲ ಅರಮನೆಯಿಂದ ನಮ್ಮ ಮಠಗಳಿಗೆ ಬಂದವು. ಅವುಗಳ ಹಿಂದೆ ಅರಮನೆಯ ಅಹಂಕಾರವೂ ಬಂದರೆ ನಾವು ಬಿಜ್ಜಳನ ಪೀಠವನ್ನು ಪೂಜಿಸಿದಂತಾಗುವುದೇ ಹೊರತು ಪ್ರಭುದೇವರ ಪೀಠವನ್ನಲ್ಲ.

ಹಾಗಾದರೆ ಅರಸೊತ್ತಿಗೆಯಿಂದ ಕಲಿಯುವುದೇನೂ ಇಲ್ಲವೆ? ಉಂಟು. ಅಧಿಕಾರವು ಸ್ವಂತ ಸೊತ್ತಲ್ಲ, ಒಪ್ಪಿಸಲ್ಪಟ್ಟ ಹೊಣೆ ಎಂಬ ಪಾಠವನ್ನು ಅಭಿಷೇಕವು ಕಲಿಸುತ್ತದೆ. ಪ್ರಜೆಗಳೆಲ್ಲರೂ ಪ್ರಭುಗಳಾದ ಮೇಲೆ ಆ ಹೊಣೆಯೂ ಎಲ್ಲರಿಗೂ ಬಂತು. ಸದ್ಭಕ್ತರು ಪ್ರತಿದಿನವೂ ಕರಸ್ಥಲದ ಲಿಂಗಕ್ಕೆ ಅಭಿಷೇಕ ಮಾಡುತ್ತಾರೆ. ಮತ ಹಾಕುವುದೂ ಲಂಚವನ್ನು ನೀಡುವುದೂ ನಿರಾಕರಿಸುವುದೂ ಅದೇ ಕೈ. ಲಿಂಗವನ್ನು ಹಿಡಿದ ಕೈ ಎಂಬ ನೆನಪು ಆ ಹೊತ್ತಿಗೆ ಉಳಿದರೆ, ರಾಜನಿಲ್ಲದ ನಾಡಿನಲ್ಲಿಯೂ ರಾಜಧರ್ಮವು ಉಳಿದೀತು.