ವಾರಸುದಾರಳು ಅಂದವರು ಯಾರು?

ನಮ್ಮ ಕಡೆ ಊರ ಹೆಸರೇ ಮನೆತನದ ಹೆಸರಾಗುವುದು ಹೊಸದಲ್ಲ. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಹುಟ್ಟಿದ ನಾವು ಎಲ್ಲಿಗೆ ಹೋದರೂ ‘ಕುರ್ಡಿಯವರು’. ಶಾಲೆಯ ದಾಖಲೆಯಲ್ಲಿ ಮಾಸ್ತರರು ಹಾಗೆಯೇ ಬರೆದರು. ಮುಂದೆ ಪಿಂಚಣಿ ಕಾಗದಕ್ಕೂ, ಬ್ಯಾಂಕಿನ ಪಾಸ್‌ಬುಕ್ಕಿಗೂ, ಕೊನೆಗೆ ಮೊಬೈಲಿನೊಳಗಿನ ಇ-ಮೇಲಿಗೂ ಅದೇ ಹೆಸರು ನಡೆದುಕೊಂಡು ಹೋಯಿತು. ಆ ಹೆಸರೇ ನಮ್ಮ ಅಕ್ಕನನ್ನು ಒಂದು ದಿನ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತದೆಂದು ಯಾರು ಎಣಿಸಿದ್ದರು?

ಅಕ್ಕ ಎಂದರೆ ನಮ್ಮ ದೊಡ್ಡಪ್ಪನ ಮಗಳು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು. ಯಜಮಾನರು ತೀರಿಕೊಂಡ ಮೇಲೆ ಮಾನ್ವಿಯಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಬರೆದವರು ಲಂಡನ್ನಿನ ವಕೀಲರಂತೆ. ಅವರ ಕಕ್ಷಿಗಾರ, ‘ಕುರ್ಡಿ’ ಎಂಬ ಅಡ್ಡಹೆಸರಿನ ಒಬ್ಬ ಇಂಜಿನಿಯರು, ಹೆಂಡತಿ ಮಕ್ಕಳ ಸಮೇತ ಕಾರು ಅಪಘಾತದಲ್ಲಿ ತೀರಿಕೊಂಡನಂತೆ. ಬ್ಯಾಂಕಿನಲ್ಲಿ ಅವನ ಕೋಟಿಗಟ್ಟಲೆ ಹಣ ಕೊಳೆಯುತ್ತಿದೆಯಂತೆ. ಅದೇ ಹೆಸರಿನ ನೀವೇ ಅವನ ವಾರಸುದಾರರು, ಯಾರಿಗೂ ತಿಳಿಸದೆ ಕೂಡಲೇ ಉತ್ತರಿಸಿ ಎಂದಿತ್ತು.

ಅಕ್ಕ ಉತ್ತರಿಸಿದಳು. ಆಧಾರ್ ಕೇಳಿದರು, ಕೊಟ್ಟಳು. ದಾಖಲೆಯ ಖರ್ಚೆಂದು ಇಪ್ಪತ್ತೆರಡು ಸಾವಿರ ಕೇಳಿದರು, ಕಳಿಸಿದಳು. ಆಮೇಲೆ ತೆರಿಗೆಯೆಂದು ಅರವತ್ತೈದು ಸಾವಿರ ಕೇಳಿದಾಗ ರಾಯಚೂರಿಗೆ ನನಗೆ ಫೋನು ಬಂತು.

“ತಂಗಿ, ಬಳಿ ಅಡ ಇಡಬೇಕಂತ ಮಾಡೀನಿ. ಯಾರ ಮುಂದೂ ಹೇಳಬ್ಯಾಡ.”

ಆ ಎರಡನೆಯ ಮಾತು ಕೇಳಿಯೇ ನಾನು ಮಾನ್ವಿಯ ಬಸ್ಸು ಹತ್ತಿದ್ದು.

ಈ ಆಟ ಹಳೆಯದು. ಸೆರೆಯಲ್ಲಿರುವ ಸಿರಿವಂತನನ್ನು ಬಿಡಿಸಲು ಸ್ವಲ್ಪ ಹಣ ಕಳಿಸಿ, ಹತ್ತುಪಟ್ಟು ಕೊಡುತ್ತಾನೆ ಎಂಬ ಕಾಗದಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಯೂರೋಪಿನಲ್ಲಿ ಓಡಾಡುತ್ತಿದ್ದವು. ಇತ್ತೀಚೆಗೆ ಇದಕ್ಕೆ ‘419’ ಎಂಬ ಹೆಸರು ಬಿದ್ದಿದೆ. ಅದು ನೈಜೀರಿಯಾದ ದಂಡಸಂಹಿತೆಯಲ್ಲಿ ಇಂಥ ಮೋಸಕ್ಕಿರುವ ಕಲಮು. ನಮ್ಮ ಬಾಯಲ್ಲಿ ಬೈಗುಳವೇ ಆಗಿಹೋಗಿದ್ದ ನಾಲ್ಕುನೂರಾ ಇಪ್ಪತ್ತನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಆಗಿದೆ. ಅಂಕಿ ಬದಲಾದರೂ ಕಳ್ಳ ಬದಲಾಗಿಲ್ಲ.

ಅಕ್ಕನ ಪಕ್ಕದಲ್ಲಿ ಕೂತು ಪತ್ರ ಓದಿದೆ. ವಕೀಲರ ವಿಳಾಸ ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆಯಬಹುದಾದ ಇ-ಮೇಲು. ಲಂಡನ್ನಿನ ಕಚೇರಿಗೆ ಕಟ್ಟಬೇಕಾದ ಹಣ ನಮ್ಮ ದೇಶದ್ದೇ ಯಾರದೋ ಖಾಸಗಿ ಖಾತೆಗೆ. ಕೇಳಿದ್ದು ವಾರಸಾ ತೆರಿಗೆ. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ಸುಂಕ 1985ರಲ್ಲೇ ರದ್ದಾಗಿದೆ. ಇನ್ನು ‘ಕುರ್ಡಿ’ ಎಂಬ ಹೆಸರು ಅರಬ್ ದೇಶಗಳಲ್ಲೂ ಉಂಟು; ಅಲ್ಲಿ ಅದಕ್ಕೆ ಕುರ್ದ್ ಜನಾಂಗದವನು ಎಂದು ಅರ್ಥ. ನಮ್ಮ ಊರಿಗೂ ಅದಕ್ಕೂ ಏನು ನಂಟು? ಯಂತ್ರ ಹೆಸರಿಗೆ ಹೆಸರು ಹೊಂದಿಸಿ ಸಾವಿರಾರು ಜನಕ್ಕೆ ಕಳಿಸಿದ ಪತ್ರ ಅದು.

ಹಿಂದೆಲ್ಲ ಇಂಗ್ಲಿಷಿನ ತಪ್ಪು ನೋಡಿಯೇ ಇಂಥ ಪತ್ರ ಗುರುತಿಸಿ ಎನ್ನುತ್ತಿದ್ದರು. ಈಗ ಯಂತ್ರವೇ ತಪ್ಪಿಲ್ಲದ ಇಂಗ್ಲಿಷನ್ನೂ ಕನ್ನಡವನ್ನೂ ಬರೆದುಕೊಡುತ್ತದೆ. ಕಾಗುಣಿತ ನಂಬಿ ಕೂತರೆ ಮೋಸ ಹೋಗುತ್ತೇವೆ. ಯಂತ್ರ ತಿದ್ದಲಾಗದ ಗುರುತುಗಳು ನಾಲ್ಕು ಎಂದು ನನಗೆ ಹೊಳೆಯಿತು. ಯಾರಿಗೂ ಹೇಳಬೇಡ ಎನ್ನುವುದು ಒಂದು. ಬೇಗ ಮಾಡು ಎನ್ನುವುದು ಎರಡು. ಮೊದಲು ನೀನು ಕೊಡು ಎನ್ನುವುದು ಮೂರು. ನಾಲ್ಕನೆಯದು, ಇಲ್ಲದ ನಂಟನ್ನು ಇದೆ ಎನ್ನುವುದು. ನಿಜವಾದ ವಾರಸಾ ಹೀಗಿರುವುದಿಲ್ಲ. ವಾರಸಾ ಪ್ರಮಾಣಪತ್ರ ಬೇಕೆಂದು ನ್ಯಾಯಾಲಯಕ್ಕೆ ಹೋದರೆ, ತಕರಾರಿದ್ದವರು ಬನ್ನಿ ಎಂದು ಊರಿಗೇ ತಿಳಿಯುವಂತೆ ಪ್ರಕಟಣೆ ಕೊಡಿಸುವುದು ವಾಡಿಕೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆಯಿತು. ಅದರಲ್ಲಿ ಹುಡುಕಲು ಯಾರೂ ಕಾಸು ಕೇಳುವುದಿಲ್ಲ. ನ್ಯಾಯವಾದದ್ದಕ್ಕೆ ಸಾಕ್ಷಿ ಬೇಕು, ಸಮಯ ಬೇಕು, ಗುಟ್ಟು ಬೇಕಿಲ್ಲ.

1930ಕ್ಕೆ ಫೋನು ಮಾಡಿ ದೂರು ಕೊಟ್ಟೆವು. ಹಣ ಹೋಗಿ ಹನ್ನೆರಡು ದಿನವಾಗಿತ್ತು, ಮರಳಲಿಲ್ಲ. ಹೋದ ಗಳಿಗೆಯಲ್ಲೇ ಫೋನು ಮಾಡಿದ್ದರೆ ಆ ಖಾತೆಯಲ್ಲೇ ತಡೆಯುವ ಸಾಧ್ಯತೆ ಇರುತ್ತಿತ್ತು. ನಾಚಿಕೆಯೇ ಅಕ್ಕನ ಬಾಯಿ ಕಟ್ಟಿತ್ತು. ಸುದ್ದಿ ಹೇಗೋ ಕುರ್ಡಿಗೆ ಮುಟ್ಟಿ, ಅಣ್ಣಂದಿರು ನಕ್ಕರು. “ಸಾಲಿ ಕಲಿಸಿದಾಕಿ, ಇಷ್ಟೂ ತಿಳಿಲಿಲ್ಲೇನು? ಅತಿ ಆಸೆ ಗತಿಗೇಡು.”

ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಮೋಸಹೋದವರ ತಲೆಗೆ ಆಸೆಯ ಅಪರಾಧ ಕಟ್ಟಿ ಮೋಸ ಮಾಡಿದವನನ್ನು ಮರೆಯುವುದು ಯಾವ ನ್ಯಾಯ? ಅಪರಿಚಿತನೊಬ್ಬನ ಬಂಧು ತಾನೆಂದು ಒಪ್ಪಿಕೊಂಡದ್ದು ಅಕ್ಕನ ತಪ್ಪೇ. ಕಾಣದ ಮಕ್ಕಳ ಸಾವಿನಿಂದ ಬರುವ ಹಣಕ್ಕೆ ಕೈಚಾಚುವ ಮುನ್ನ ಮನಸ್ಸು ಒಮ್ಮೆ ಹಿಂಜರಿಯಬೇಕಿತ್ತು. ನಾನು ಅದನ್ನು ಮೆಲ್ಲಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು ಅಂದಳು:

“ರೊಕ್ಕದ ಆಸೆ ಇರಲಿಲ್ಲ ಅಂದರ ಸುಳ್ಳಾಗತದ ತಂಗಿ. ಆದರ ಆ ಪತ್ರದಾಗ ನೀನ ವಾರಸುದಾರಳು ಅಂತ ಬರದಿದ್ರು ನೋಡು, ಅದನ್ನ ಎರಡು ಮೂರು ಸಲ ಓದಿದೆ. ಹಂಗ ನನಗ ಯಾರೂ ಅಂದಿದ್ದಿಲ್ಲ.”

ನಾನು ತಲೆ ತಗ್ಗಿಸಿದೆ. ಏಕೆಂದರೆ ದೊಡ್ಡಪ್ಪ ತೀರಿಕೊಂಡಾಗಿನಿಂದ ಅವಳ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಲೇ ಇದ್ದಾರೆ. ನಾನಂತೂ ನನ್ನ ಸಹಿಯನ್ನು 2009ರಲ್ಲೇ ಹಾಕಿ ಬಂದವಳು. ನಾಗರಪಂಚಮಿಗೆ ತವರಿಗೆ ಹೋದಾಗ ಹಬ್ಬದ ಮರುದಿನ ನೋಂದಣಿ ಕಚೇರಿಗೆ ಕರೆದೊಯ್ದರು. ಮಡಿಲಿಗೆ ಅಕ್ಕಿ, ಮೇಲೊಂದು ಇಳಕಲ್ ಸೀರೆ. ಕಾಗದದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸುಮಾರು ಒಂಬೈನೂರು ವರ್ಷದ ಹಿಂದೆ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಈ ಭಾಗದ ಕಲ್ಯಾಣದಲ್ಲೇ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಬರೆದ. ದೇಶದ ಬಹುಭಾಗದ ಹಿಂದೂ ಮನೆಗಳ ಆಸ್ತಿ ನಡೆದದ್ದು ಅದರ ದಾರಿಯಲ್ಲಿ. ಸಪಿಂಡರು ಎಂದರೆ ಒಂದೇ ದೇಹದ ಅಂಶ ಹಂಚಿಕೊಂಡವರು, ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಅವನು ಹೇಳಿದ. ಆದರೆ ಆ ಹುಟ್ಟಿನ ಹಕ್ಕು ಮಗನಿಗೆ ದಕ್ಕಿತು. ಅದೇ ತಂದೆಯ ಅಂಶವಾದ ಮಗಳು ಹೊರಗುಳಿದಳು. ಕರ್ನಾಟಕ 1994ರಲ್ಲಿ ಕಾನೂನು ತಿದ್ದಿ ಮಗಳನ್ನು ಒಳಗೆ ಕರೆಯಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ, ಮದುವೆಯಾದವಳಿಗೂ ಸೇರಿ, ಮಗನಷ್ಟೇ ಹಕ್ಕು ಬಂತು. ಆ ದಿನ ತಂದೆ ಬದುಕಿರಬೇಕೆಂದೇನಿಲ್ಲ, ಹಕ್ಕು ಹುಟ್ಟಿನದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ನಾನು ಸಹಿ ಹಾಕುವ ಹೊತ್ತಿಗೆ ಆ ತಿದ್ದುಪಡಿ ಬಂದು ನಾಲ್ಕು ವರ್ಷವಾಗಿತ್ತು.

ನಮ್ಮ ಅಣ್ಣತಮ್ಮಂದಿರನ್ನು ಆ ಕಳ್ಳರ ಸಾಲಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅವರು ಹೊಲದಲ್ಲಿ ಬೆವರು ಹರಿಸಿದವರು, ನನ್ನ ಬಾಣಂತನಕ್ಕೆ ಗಾಡಿ ಕಟ್ಟಿಕೊಂಡು ಬಂದವರು. ಅವರ ನಂಟು ಸುಳ್ಳಲ್ಲ; ನಾಲ್ಕನೆಯ ಗುರುತು ಅವರಿಗೆ ಹೊಂದುವುದಿಲ್ಲ. ಆದರೆ ಮೊದಲ ಮೂರು? “ನಿಮ್ಮ ಮನಿಯವರಿಗೆ ಈಗ ಹೇಳಬ್ಯಾಡ” ಎಂದಿದ್ದರು. “ಇವತ್ತೇ ಆಗಿಬಿಡಲಿ” ಎಂದಿದ್ದರು. ಮೊದಲು ನೀನು ಬಿಟ್ಟುಕೊಡು, ಆಮೇಲೆ ತವರು ನಿನಗೆ ಇದ್ದೇ ಇದೆ ಎಂದಿದ್ದರು. ಪರದೇಶದ ಪತ್ರದಲ್ಲಿ ಕೂಡಲೇ ಕಂಡ ಗುರುತುಗಳು ನಮ್ಮ ಮನೆಯ ಪಡಸಾಲೆಯಲ್ಲಿ ಏಕೆ ಕಾಣಲಿಲ್ಲ?

ತವರಿಗೆ ಪಾಲು ಬಿಟ್ಟುಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎಷ್ಟೋ ಹೆಂಗಸರು ತಿಳಿದೇ ಬಿಟ್ಟಿದ್ದಾರೆ. ಅದು ದೊಡ್ಡ ಮನಸ್ಸು. ಆದರೆ ಕೈಯಲ್ಲಿ ಏನಿದೆ ಎಂದು ಗೊತ್ತಿದ್ದು ಕೊಟ್ಟರೆ ಅದು ದಾನ. ಏನಿತ್ತೆಂಬುದೇ ಗೊತ್ತಿಲ್ಲದವಳ ಕೈಯಿಂದ ಹೋದದ್ದಕ್ಕೆ ದಾನವೆಂಬ ಹೆಸರು ಒಪ್ಪುವುದಿಲ್ಲ. 2009ರಲ್ಲಿ ನಾನು ಕೊಟ್ಟೆನೋ, ಕಳೆದುಕೊಂಡೆನೋ? ಇಂದಿಗೂ ಹೇಳಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಮನೆಯಲ್ಲಿ ವಾರಸುದಾರಳೆಂದು ಒಮ್ಮೆಯಾದರೂ ಕರೆಸಿಕೊಂಡ ಹೆಣ್ಣಾಗಿದ್ದರೆ, ಅಪರಿಚಿತನ ಬಾಯಿಂದ ಬಂದ ಆ ಒಂದು ಮಾತಿಗೆ ಅವಳು ಅಷ್ಟು ಬೇಗ ಕರಗುತ್ತಿರಲಿಲ್ಲ.

ಕಳೆದ ತಿಂಗಳು ಕುರ್ಡಿಯಿಂದ ಅಕ್ಕನಿಗೆ ಮತ್ತೆ ಫೋನು ಬಂತಂತೆ, ಸೋಮವಾರ ಬಂದು ಸಹಿ ಹಾಕಿ ಹೋಗು ಎಂದು. ಅವಳು ಜಗಳವಾಡಲಿಲ್ಲ.

“ಅಣ್ಣಾ, ಕಾಗದ ಮೊದಲು ಮನಿಗೆ ಕಳಸ್ರಿ. ಓದತೀನಿ. ತಂಗಿಗೂ ತೋರಸ್ತೀನಿ. ಆಮೇಲೆ ಹೇಳತೀನಿ.”

ಕಾಗದ ಇನ್ನೂ ಬಂದಿಲ್ಲ. ಬಂದಾಗ ಅವಳು ಬಿಡುತ್ತಾಳೋ, ಇಟ್ಟುಕೊಳ್ಳುತ್ತಾಳೋ, ಅದು ಅವಳ ಮನಸ್ಸು. ನಾನು ಮಾತ್ರ ಕನ್ನಡಕ ಒರೆಸಿಟ್ಟುಕೊಂಡು ಕಾಯುತ್ತಿದ್ದೇನೆ.