ಹೊಟ್ಟೆಪಾಡಿನ ತರ್ಕ

ನಮ್ಮ ಭಾಷೆಯಲ್ಲಿ ‘ಹೊಟ್ಟೆಪಾಡು’ ಎಂಬುದೊಂದು ಮಾತಿದೆ. ವಿಚಾರಣೆಯನ್ನೇ ನಡೆಸದೆ ಆರೋಪಿಯನ್ನು ಬಿಟ್ಟುಬಿಡುವ ನ್ಯಾಯಾಧೀಶನಂಥ ಮಾತು ಅದು. ತೂಕದಲ್ಲಿ ಮೋಸ ಮಾಡಿದ ಅಂಗಡಿಯವನೂ, ಕಾಗದ ಮುಂದೆ ಸರಿಯಲು ಕೈಯೊಡ್ಡಿದ ಗುಮಾಸ್ತನೂ, ಧಣಿಯ ಎದುರು ಹಲ್ಲುಗಿಂಜಿ ನಿಂತ ವಿದ್ಯಾವಂತನೂ ಕೊನೆಗೆ ಹೇಳುವುದು ಒಂದನ್ನೇ: “ಏನು ಮಾಡುವುದು ಸ್ವಾಮಿ, ಹೊಟ್ಟೆಪಾಡು.” ಕೇಳಿದವನು ಸುಮ್ಮನಾಗುತ್ತಾನೆ. ಹಸಿದವನಿಗೆ ನೀತಿ ಹೇಳುವವನು, ಅದರಲ್ಲೂ ತಾನು ಊಟ ಮುಗಿಸಿ ಕೈ ತೊಳೆದು ಬಂದವನು, ನೋಡುವುದಕ್ಕೆ ಅಷ್ಟು ಚೆನ್ನಾಗಿರುವುದಿಲ್ಲ. ಆದರೂ ಈ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ಬರಿಯ ನೆಪ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇದನ್ನು ನೀತಿಶಾಸ್ತ್ರದ ಗ್ರಂಥಗಳಲ್ಲಿ ಹುಡುಕಿ ಬೇಸತ್ತವರು ಕೆಲವು ಸಣ್ಣ ಕಥೆಗಳನ್ನು ಓದಬೇಕು.

ಜಪಾನಿನ ಅಕುತಗಾವ ರ್ಯೂನೊಸುಕೆ 1915ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ‘ರಾಶೋಮನ್’ ಎಂಬ ಕಥೆಯನ್ನು ಪ್ರಕಟಿಸಿದ. (ಕುರೋಸಾವನ 1950ರ ಚಲನಚಿತ್ರ ನೋಡಿದವರು ಈ ಕಥೆ ತಮಗೆ ಗೊತ್ತೆಂದುಕೊಳ್ಳುವುದುಂಟು. ಚಿತ್ರ ಇದರಿಂದ ಪಡೆದದ್ದು ಹೆಸರನ್ನೂ ಆ ಹಾಳು ಹೆಬ್ಬಾಗಿಲನ್ನೂ. ಅದರ ಮುಖ್ಯ ಕಥೆ ಇದೇ ಲೇಖಕನ ಇನ್ನೊಂದು ಕಥೆಯದು.) ಕ್ಯೋಟೊ ನಗರಕ್ಕೆ ಭೂಕಂಪ, ಸುಂಟರಗಾಳಿ, ಬೆಂಕಿ, ಕ್ಷಾಮ ಒಂದರ ಹಿಂದೊಂದು ಬಡಿದಿವೆ. ಧಣಿ ಕೆಲಸದಿಂದ ಬಿಡಿಸಿದ ಆಳೊಬ್ಬ ಸಂಜೆಯ ಮಳೆಯಲ್ಲಿ ಆ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಾನೆ: ಕಳ್ಳನಾಗಬೇಕು, ಇಲ್ಲವೆ ಸಾಯಬೇಕು. ಯೋಚನೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಕಳ್ಳನಾಗುವುದಕ್ಕೆ ಧೈರ್ಯ ಸಾಲದು. ರಾತ್ರಿ ಕಳೆಯಲೆಂದು ಅಟ್ಟ ಹತ್ತುತ್ತಾನೆ. ಅಲ್ಲಿ ದಿಕ್ಕಿಲ್ಲದ ಹೆಣಗಳ ನಡುವೆ ಮುದುಕಿಯೊಬ್ಬಳು ಸತ್ತ ಹೆಂಗಸಿನ ತಲೆಗೂದಲನ್ನು ಒಂದೊಂದಾಗಿ ಕೀಳುತ್ತಿದ್ದಾಳೆ, ಚೌರಿ ಮಾಡಿ ಮಾರುವುದಕ್ಕೆ. ಅದನ್ನು ಕಂಡೊಡನೆ ಆಳಿಗೆ ಕೆಟ್ಟದ್ದರ ಮೇಲೆಲ್ಲ ಉರಿದೇಳುವ ದ್ವೇಷ. ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ, ಉಪವಾಸ ಸಾಯುತ್ತೇನೆ, ಕದಿಯಲಾರೆ ಎಂದೇ ಹೇಳಿಬಿಡುತ್ತಿದ್ದ.

ಅವಳನ್ನು ಹಿಡಿದು ಗದರಿಸಿದಾಗ ಮುದುಕಿ ತನ್ನ ಸಮರ್ಥನೆಯನ್ನು ಕೊಡುತ್ತಾಳೆ. ಈ ಸತ್ತವಳೂ ಬದುಕಿದ್ದಾಗ ಹಾವಿನ ಮಾಂಸವನ್ನು ಒಣಮೀನೆಂದು ಅರಮನೆಯ ಕಾವಲುಗಾರರಿಗೆ ಮಾರುತ್ತಿದ್ದಳು. ಹಾಗೆ ಮಾಡದಿದ್ದರೆ ಸಾಯುತ್ತಿದ್ದಳು, ಅದನ್ನು ತಾನು ತಪ್ಪೆನ್ನಲಾರೆ. ತಾನೂ ಹೀಗೆ ಮಾಡದಿದ್ದರೆ ಸಾಯಬೇಕು, ಅವಳೂ ತನ್ನನ್ನು ಕ್ಷಮಿಸಿಯಾಳು. ಆಳು ಪೂರ್ತಿ ಕೇಳುತ್ತಾನೆ. ಹಾಗಾದರೆ ನಿನ್ನನ್ನು ನಾನು ದೋಚಿದರೂ ನೀನು ದೂರುವಂತಿಲ್ಲ ಎಂದು ಅವಳ ಮೈಮೇಲಿನ ಬಟ್ಟೆಯನ್ನು ಸುಲಿದುಕೊಂಡು, ಒದ್ದು, ಕತ್ತಲಲ್ಲಿ ಇಳಿದುಹೋಗುತ್ತಾನೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮೆಟ್ಟಿಲ ಮೇಲೆ ಕೂತಿದ್ದಾಗಲೂ ಅವನಿಗೆ ಅಷ್ಟೇ ಕಷ್ಟವಿತ್ತು. ಅಟ್ಟ ಹತ್ತಿ ಇಳಿಯುವಷ್ಟರಲ್ಲಿ ಅದೇನೂ ಹೆಚ್ಚಲಿಲ್ಲ. ಹೊಸದಾಗಿ ಸಿಕ್ಕಿದ್ದು ಒಂದು ತರ್ಕ. ಅದೂ ಹೇಗೆ ಸಾಗುತ್ತದೆ ನೋಡಿ. ಹಾವು ಮಾರಿದವಳು ಮೋಸ ಮಾಡಿದ್ದು ತನಗಿಂತ ಬಲವಾದ ಕಾವಲುಗಾರರಿಗೆ. ಮುದುಕಿ ಕೈಹಾಕಿದ್ದು ಎದ್ದು ಕೇಳಲಾರದ ಹೆಣಕ್ಕೆ. ಆಳು ಕಿತ್ತುಕೊಂಡದ್ದು ಮುಪ್ಪಿನಲ್ಲಿ ನಡುಗುತ್ತಿದ್ದವಳ ಮೈಮೇಲಿನ ಬಟ್ಟೆಯನ್ನು. ಹೊಟ್ಟೆಪಾಡೆಂಬ ನ್ಯಾಯ ಇಳಿಜಾರಿನ ನೀರಿನಂತೆ ಹರಿಯಿತು, ಕೈಲಾಗದವರ ಕಡೆಗೆ. ಅವನು ಆ ಕತ್ತಿಯನ್ನು ಹಿಡಿದು ತನ್ನನ್ನು ಹೊರದೂಡಿದ ಧಣಿಯ ಮನೆಗೆ ಹೋಗಲಿಲ್ಲ. ಆ ಯೋಚನೆ ಅವನಿಗೆ ಬಂದಂತೆಯೇ ಕಾಣುವುದಿಲ್ಲ.

ಮೊಪಾಸಾನ ‘ಬೂಲ್ ದ ಸ್ವೀಫ್’ (1880) ಇದಕ್ಕಿಂತ ಕಹಿಯಾದ ಕಥೆ, ಏಕೆಂದರೆ ಅಲ್ಲಿರುವವರು ನಮ್ಮಂಥ ಮರ್ಯಾದಸ್ಥರು. ಪ್ರಷ್ಯದ ಸೈನ್ಯ ಹಿಡಿದ ರೂಆಂ ನಗರದಿಂದ ಹತ್ತು ಜನ ಒಂದು ಕುದುರೆಗಾಡಿಯಲ್ಲಿ ಹೊರಡುತ್ತಾರೆ: ಮೂವರು ಗೃಹಸ್ಥರು, ಅವರ ಹೆಂಡಂದಿರು, ಇಬ್ಬರು ಸಂನ್ಯಾಸಿನಿಯರು, ಒಬ್ಬ ಪ್ರಜಾಪ್ರಭುತ್ವವಾದಿ, ಒಬ್ಬ ವೇಶ್ಯೆ. ದಾರಿಯಲ್ಲಿ ಊಟವಿಲ್ಲ. ಬುತ್ತಿ ತಂದಿರುವವಳು ವೇಶ್ಯೆಯೊಬ್ಬಳೇ. ಬೆಳಗ್ಗೆ ಅವಳ ಕಡೆ ಮುಖ ತಿರುಗಿಸಿ ಕೂತಿದ್ದವರು ಮಧ್ಯಾಹ್ನಕ್ಕೆ ಅವಳ ಬುಟ್ಟಿಗೆ ಕೈಹಾಕುತ್ತಾರೆ, ಮಾತನಾಡಿಸುತ್ತಾರೆ, ನಗುತ್ತಾರೆ. ನಿಜವಾದ ಹಸಿವು ಅವರನ್ನು ಕೆಡಿಸಲಿಲ್ಲ. ಒಂದೆರಡು ಗಂಟೆಯ ಮಟ್ಟಿಗೆ ಮನುಷ್ಯರನ್ನಾಗಿಯೇ ಮಾಡಿತು. ಅವರು ಕೆಡುವುದು ಮುಂದಿನ ಊರಿನ ಹೋಟೆಲಿನಲ್ಲಿ, ಮೂರು ಹೊತ್ತೂ ಊಟ ಸಿಗುವಾಗ. ಅಲ್ಲಿನ ಪ್ರಷ್ಯನ್ ಅಧಿಕಾರಿ, ಆ ಹೆಣ್ಣು ತನ್ನೊಡನೆ ಮಲಗುವವರೆಗೆ ಗಾಡಿ ಬಿಡುವುದಿಲ್ಲವೆನ್ನುತ್ತಾನೆ. ಅವಳಿಗೆ ದೇಶಾಭಿಮಾನವಿದೆ, ಒಪ್ಪುವುದಿಲ್ಲ. ಆಗ ಗೃಹಸ್ಥರು ಪುರಾಣ, ಇತಿಹಾಸಗಳಿಂದ ತ್ಯಾಗಮಾಡಿದ ಸ್ತ್ರೀಯರ ನಿದರ್ಶನಗಳನ್ನು ಹೆಕ್ಕಿ ತೆಗೆಯುತ್ತಾರೆ. ಉದ್ದೇಶ ಒಳ್ಳೆಯದಾದರೆ ಕಾರ್ಯಕ್ಕೆ ದೋಷವಿಲ್ಲವೆಂದು ಸಂನ್ಯಾಸಿನಿ ಧರ್ಮಸೂಕ್ಷ್ಮ ಹೇಳುತ್ತಾಳೆ. ಅವಳು ಸೋತು ಒಪ್ಪುತ್ತಾಳೆ. ಮರುದಿನ ಗಾಡಿಯಲ್ಲಿ ಎಲ್ಲರ ಬಳಿಯೂ ಬುತ್ತಿ. ಗಡಿಬಿಡಿಯಲ್ಲಿ ಏನೂ ಕಟ್ಟಿಕೊಳ್ಳದೆ ಬಂದ ಅವಳಿಗೆ ಒಬ್ಬರೂ ಒಂದು ಚೂರು ಕೊಡುವುದಿಲ್ಲ. ಹಿಂದಿನ ರಾತ್ರಿ ಇದು ನೀಚ ಕೆಲಸವೆಂದು ಗುಡುಗಿದ್ದ ಪ್ರಜಾಪ್ರಭುತ್ವವಾದಿಯೂ ಮೊಟ್ಟೆ ಸುಲಿದು ತಾನೇ ತಿನ್ನುತ್ತಾನೆ.

ಆ ಹೋಟೆಲಿನಲ್ಲಿ ಯಾರ ಜೀವಕ್ಕೂ ಅಪಾಯವಿರಲಿಲ್ಲ. ಇದ್ದದ್ದು ಅನಾನುಕೂಲ. ಅನಾನುಕೂಲಕ್ಕೆ ಆಪತ್ತೆಂದು ಹೆಸರಿಟ್ಟರೆ ಆಪದ್ಧರ್ಮದ ರಿಯಾಯಿತಿಯೆಲ್ಲ ಪುಕ್ಕಟೆಯಾಗಿ ದೊರೆಯುತ್ತದೆ. ನಮ್ಮ ಪೇಟೆಗಳಲ್ಲಿ ಕೇಳಿಬರುವ ಹೊಟ್ಟೆಪಾಡುಗಳಲ್ಲಿ ಎಷ್ಟು ಪಾಲು ಈ ಜಾತಿಯದು ಎಂದು ಲೆಕ್ಕ ಹಾಕುವುದು ಸುಖಕರವಾದ ಕೆಲಸವಲ್ಲ.

ಹಾಗೆಂದು ನಿಜವಾಗಿ ಹಸಿದವನಿಗೆ ಎಲ್ಲವೂ ಮಾಫಿಯೆ? ಪ್ರೇಮಚಂದರ ‘ಕಫನ್’ ನನ್ನನ್ನು ಕಾಡುವುದು ಇಲ್ಲಿ. 1935ರ ಕೊನೆಯಲ್ಲಿ ಮೊದಲು ಉರ್ದುವಿನಲ್ಲಿ ಅಚ್ಚಾದ ಈ ಕಥೆಯಲ್ಲಿ ಘೀಸೂ, ಮಾಧವ ಎಂಬ ಅಪ್ಪ ಮಗ, ಕದ್ದ ಆಲೂಗಡ್ಡೆಯನ್ನು ಸುಟ್ಟು ಗುಡಿಸಲ ಮುಂದೆ ತಿನ್ನುತ್ತಿದ್ದಾರೆ. ಒಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆಯ ನೋವಿನಲ್ಲಿ ಸಾಯುತ್ತಿದ್ದಾಳೆ. ನೋಡಲು ಒಳಗೆ ಹೋದರೆ ಹೊರಗಿದ್ದವನು ಹೆಚ್ಚಿಗೆ ತಿಂದುಬಿಟ್ಟಾನೆಂಬ ಭಯಕ್ಕೆ ಮಾಧವ ಏಳುವುದಿಲ್ಲ. ಬೆಳಗ್ಗೆ ಅವಳು ಸತ್ತಿರುತ್ತಾಳೆ. ಜಮೀನ್ದಾರನಿಂದ ಹಿಡಿದು ಎಲ್ಲರಿಂದ ಕಫನಿನ ಬಟ್ಟೆಗೆಂದು ಐದು ರೂಪಾಯಿ ಕೂಡಿಸಿ, ಇಬ್ಬರೂ ಹೆಂಡದಂಗಡಿಗೆ ಹೋಗಿ ಪೂರಿ ತಿಂದು ಕುಡಿದು ಕುಣಿದು ಬೀಳುತ್ತಾರೆ. ಹಗಲಿರುಳು ದುಡಿಯುವವರ ಸ್ಥಿತಿಯೂ ಇವರಿಗಿಂತ ಮೇಲೇನೂ ಅಲ್ಲದ ಸಮಾಜದಲ್ಲಿ ಇಂಥ ಮನೋವೃತ್ತಿ ಹುಟ್ಟಿದರೆ ಆಶ್ಚರ್ಯವಿಲ್ಲವೆಂದು ಪ್ರೇಮಚಂದರೇ ಸೂಚಿಸುತ್ತಾರೆ. ಈ ತಂದೆಮಕ್ಕಳನ್ನು ಚಮ್ಮಾರರನ್ನಾಗಿ ಚಿತ್ರಿಸಿದ್ದಕ್ಕೆ ಕೆಲವು ದಲಿತ ಲೇಖಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇಷ್ಟನ್ನೂ ಒಪ್ಪಿದ ಮೇಲೆ ನನ್ನದೊಂದು ಮಾತು ಉಳಿಯುತ್ತದೆ. ಕಫನಿನ ದುಡ್ಡನ್ನು ತಿಂದದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಪಾಪವಲ್ಲ. ಬದುಕಿದ್ದಾಗ ಹರಕು ಸೀರೆಯೂ ಸಿಗದವಳಿಗೆ ಸತ್ತ ಮೇಲೆ ಹೊಸ ಬಟ್ಟೆಯೇಕೆ ಎಂದು ಘೀಸೂ ಕೇಳುವುದರಲ್ಲಿ ನ್ಯಾಯವಿದೆ. ಆ ಆಲೂಗಡ್ಡೆಯನ್ನು ಮಾತ್ರ ಕ್ಷಮಿಸಲು ನನ್ನಿಂದಾಗುವುದಿಲ್ಲ. ಹಿಟ್ಟು ಬೀಸಿ, ಹುಲ್ಲು ಕೊಯ್ದು ಆ ಇಬ್ಬರ ಹೊಟ್ಟೆಯನ್ನು ಒಂದು ವರ್ಷ ಹೊರೆದವಳು ಬುಧಿಯಾ. ಅವಳ ಹೊಟ್ಟೆಪಾಡಿನ ಮಾತನ್ನು ಅವರಿಬ್ಬರೂ ಎತ್ತುವುದಿಲ್ಲ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಮರೆತವರಲ್ಲ. ಶಾಂತಿಪರ್ವದಲ್ಲಿ ಕ್ಷಾಮಕಾಲದ ವಿಶ್ವಾಮಿತ್ರ ಚಂಡಾಲನ ಗುಡಿಸಲಿನಿಂದ ನಾಯಿಯ ಮಾಂಸ ಕದಿಯುವ ಕಥೆಯಿದೆ. ಅಲ್ಲಿ ಮುನಿಗೆ ಧರ್ಮ ಹೇಳುವವನು ಚಂಡಾಲನೆಂಬುದೇ ಅದರ ಸೊಗಸು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಪುಟ್ಟ ಪ್ರಸಂಗ. ಕುರುದೇಶದ ಬೆಳೆ ಹಾಳಾಗಿದೆ. ಉಷಸ್ತಿ ಒಬ್ಬ ಮಾವುತ ತಿನ್ನುತ್ತಿದ್ದ ಬೇಯಿಸಿದ ಕಾಳನ್ನೇ ಬೇಡಿ ತಿನ್ನುತ್ತಾನೆ. ಮಾವುತ ನೀರನ್ನೂ ಕೊಡಲು ಬಂದರೆ, ಎಂಜಲೆಂದು ಬೇಡವೆನ್ನುತ್ತಾನೆ. ಕಾಳು ಎಂಜಲಲ್ಲವೆ ಎಂದು ಮಾವುತ ಕೇಳಿದ್ದಕ್ಕೆ ಅವನ ಉತ್ತರ ಇಷ್ಟೆ: ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕಾದ ಕಡೆ ಸಿಗುತ್ತದೆ.

ಎಂಜಲಿನ ಮಡಿ ಇಂದು ನಮಗೆ ಬೇಕಾಗಿಲ್ಲ. ಅದರ ಹೆಸರಿನಲ್ಲಿ ನಡೆದ ಅನ್ಯಾಯ ಸಣ್ಣದಲ್ಲ. ನನ್ನ ಗಮನವಿರುವುದು ಅವನು ನಿಲ್ಲಿಸಿದ ಜಾಗದ ಮೇಲೆ. ಕಾಳಿಗೆ ಒದಗಿದ ಕಾರಣವನ್ನು ಅವನು ನೀರಿಗೆ ಎಳೆದು ತರಲಿಲ್ಲ. ರಾಶೋಮನ್ನಿನ ಆಳು ಒಂದೇ ಕಾರಣವನ್ನು ಕೊನೆಯ ಮೆಟ್ಟಿಲವರೆಗೂ ಎಳೆದ. ಮತ್ತೆ, ಉಷಸ್ತಿ ಬೇಡಿದ, ಕಿತ್ತುಕೊಳ್ಳಲಿಲ್ಲ. ತಿಂದು ಮಿಕ್ಕ ಕಾಳನ್ನು ಹೆಂಡತಿಗೆಂದು ಮನೆಗೆ ತಂದ. ಅಷ್ಟು ಹೊತ್ತಿಗೆ ಆಕೆಗೆ ಬೇರೆ ಕಡೆ ಭಿಕ್ಷೆ ಸಿಕ್ಕಿತ್ತು. ಆದರೂ ತಂದದ್ದನ್ನು ತೆಗೆದುಕೊಂಡು ಎತ್ತಿಟ್ಟಳು. ಮರುದಿನ ಬೆಳಗ್ಗೆ ಅವನು ಅರಸನ ಯಜ್ಞಕ್ಕೆ ಹೊರಡುವಾಗ ಮನೆಯಲ್ಲಿದ್ದದ್ದು ಅದೇ ತಂಗಳು ಕಾಳು, ತಿಂದು ಹೋದ.